ಆದೋನಿಗೆ ಬರಬೇಕಾದ ಮೂರು ಕಿಲೋಮೀಟರ್ ಕಡಲು

ಆಂಧ್ರಪ್ರದೇಶಕ್ಕೆ 974 ಕಿಲೋಮೀಟರ್ ಕಡಲತೀರ ಇದೆ ಎಂದು ಆದೋನಿಯ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾ ಬಂದಿದ್ದಾರೆ. ತೆಲುಗು ಮೀಡಿಯಂನವರು ತೆಲುಗಿನಲ್ಲಿ, ಕನ್ನಡ ಮೀಡಿಯಂನವರು ಕನ್ನಡದಲ್ಲಿ. ಕಡಲು ನೋಡದೆ ಇರುವ ವಿಷಯದಲ್ಲಿ ಮಾತ್ರ ಇಬ್ಬರಲ್ಲೂ ಭೇದವಿಲ್ಲ.

ಲೆಕ್ಕ ಸುಲಭದ್ದು. ತೆಲಂಗಾಣ ಬೇರೆಯಾದ ಮೇಲೆ ಉಳಿದ ರಾಜ್ಯದಲ್ಲಿ 2011ರ ಜನಗಣತಿಯಂತೆ ಹತ್ತಿರ ಹತ್ತಿರ 5 ಕೋಟಿ ಜನ. ಕಡಲತೀರವನ್ನು ತಲೆಗಿಷ್ಟು ಎಂದು ಹಂಚಿದರೆ ಒಬ್ಬೊಬ್ಬರಿಗೆ ಸುಮಾರು ಎರಡು ಸೆಂಟಿಮೀಟರ್ ಬರುತ್ತದೆ. ಎರಡು ಸೆಂಟಿಮೀಟರಿನಲ್ಲಿ ಮಲಗಲಾಗದು, ಒಂಟಿ ಕಾಲಲ್ಲಿ ನಿಲ್ಲಲೂ ಆಗದು. ಆದರೆ ಆದೋನಿ ಪಟ್ಟಣದ 1 ಲಕ್ಷ 66 ಸಾವಿರ ಜನ ಒಟ್ಟಾಗಿ ಕೇಳಿದರೆ ಮೂರು ಕಿಲೋಮೀಟರಿಗೂ ಮಿಕ್ಕಿದ ಕಡಲು ನಮ್ಮದು. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಪೆದ್ದಕಡುಬೂರು ಮಂಡಲದವರೂ ತಮ್ಮ ತಮ್ಮ ಪಾಲು ತಂದು ಕೂಡಿಸಿದರೆ ಒಂದು ಸಣ್ಣ ಬಂದರನ್ನೇ ಕಟ್ಟಬಹುದು. ಇಷ್ಟು ವರ್ಷದ ಬಾಕಿಗೆ ಬಡ್ಡಿ ಬೇಡ. ಅಸಲು ಕೊಟ್ಟರೆ ಸಾಕು.

ಈ ಬಾಕಿಗೆ ಇತಿಹಾಸವೂ ಇದೆ. ಮದ್ರಾಸ್ ರಾಜ್ಯದಲ್ಲಿದ್ದಾಗ ನಮಗೆ ಎರಡು ಸಮುದ್ರ. ಪೂರ್ವಕ್ಕೆ ಬಂಗಾಳಕೊಲ್ಲಿ, ಪಶ್ಚಿಮಕ್ಕೆ ಮಲಬಾರು, ದಕ್ಷಿಣ ಕನ್ನಡಗಳ ಅರಬ್ಬೀ ಸಮುದ್ರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಹೊಸ ಆಂಧ್ರ ರಾಜ್ಯಕ್ಕೆ, ಉಳಿದದ್ದನ್ನು ಮೈಸೂರಿಗೆ ಕೊಟ್ಟರು. ಅಂದಿನ ಮೈಸೂರು ರಾಜ್ಯಕ್ಕೆ ಒಂದು ಗಜ ಕಡಲೂ ಇರಲಿಲ್ಲ. ಬಳ್ಳಾರಿಯವರು ಒಂದೇ ರಾತ್ರಿಯಲ್ಲಿ ಎರಡು ಸಮುದ್ರ ಕಳೆದುಕೊಂಡರು. ನಾವು ಒಂದನ್ನು ಉಳಿಸಿಕೊಂಡೆವು. ಕನ್ನಡ ಮಾತಾಡುವ ನಮ್ಮ ಊರುಗಳನ್ನು ತೆಲುಗು ರಾಜ್ಯಕ್ಕೆ ಯಾಕೆ ಹಾಕಿದರು ಎಂದು ಇವತ್ತಿಗೂ ಕೇಳುವವರಿದ್ದಾರೆ. ಉತ್ತರ ಸರಳ: ನಮ್ಮ ಮೇಲಿನ ಪ್ರೀತಿಯಿಂದ, ಕಡಲತೀರದ ಸುಖ ನಮಗೆ ತಪ್ಪಬಾರದೆಂದು. ಮೂರು ವರ್ಷ ಬಿಟ್ಟು 1956ರಲ್ಲಿ ಬಳ್ಳಾರಿಯವರಿಗೆ ಕಾರವಾರ, ಮಲ್ಪೆ, ಮಂಗಳೂರು ಸಿಕ್ಕಿ ಅವರೂ ಸಮುದ್ರವಂತರಾದರು. ಅದು ಅವರ ಅದೃಷ್ಟ. ನಮ್ಮದು ಹಕ್ಕು.

ಹಕ್ಕಿನ ಕಡಲನ್ನು ನೋಡಲು ಹೋಗಬೇಕೆಂದರೆ ಪೂರ್ವಕ್ಕೆ ಹೊರಟರೂ 300 ಕಿಲೋಮೀಟರಿನ ಮೇಲೆ, ಪಶ್ಚಿಮಕ್ಕೆ ಹೊರಟರೂ 300 ಕಿಲೋಮೀಟರಿನ ಮೇಲೆ. ಎರಡು ಸಮುದ್ರದಿಂದಲೂ ಇಷ್ಟು ಅಚ್ಚುಕಟ್ಟಾಗಿ ದೂರ ಉಳಿದ ಊರು ದಕ್ಷಿಣದಲ್ಲಿ ಹುಡುಕಿದರೂ ಅಪರೂಪ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಒಂದು ಕಡಲು ಬಿಟ್ಟು ಇನ್ನೊಂದು ಕಡಲಿಗೆ ಓಡುವಾಗ ನಮ್ಮ ಸ್ಟೇಷನ್ನಿನ ಮೇಲೆಯೇ ಹೋಗುತ್ತದೆ. ಅದರೊಳಗಿನವರು ಕಿಟಕಿಯಿಂದ ನಮ್ಮ ಗುಡ್ಡ, ಕೋಟೆ ನೋಡಿ "ಇದು ಯಾವೂರು" ಎಂದು ಕೇಳುವಷ್ಟರಲ್ಲಿ ರೈಲು ಮುಂದಿನ ಸ್ಟೇಷನ್ನೂ ದಾಟಿರುತ್ತದೆ.

ಈ ಹಳೆಯ ಬಾಕಿ ಈಗ ನೆನಪಾಗಲು ಕಾರಣ ನಮ್ಮೂರಿನ ಒಬ್ಬ ಹತ್ತಿ ವ್ಯಾಪಾರಿ. ಹತ್ತಿ ರೇಟು ಒಂದು ವರ್ಷ ಕೈಹಿಡಿದದ್ದಕ್ಕೆ ಅವರು ಕುಟುಂಬ ಸಮೇತ ಗ್ರೀಸ್ ದೇಶದ ಸ್ಯಾಂಟೊರಿನಿಗೆ ಹೋಗಿಬಂದರು. ಅದು ಜ್ವಾಲಾಮುಖಿ ದ್ವೀಪ. ಸುಮಾರು 3600 ವರ್ಷದ ಹಿಂದೆ ಬೆಟ್ಟವೇ ಸಿಡಿದು ನಡುವಿನ ನೆಲ ಕುಸಿದು, ಉಳಿದ ಅಂಚಿನ ಮೇಲೆ ಈಗ ಜನ ಸುಣ್ಣ ಬಳಿದ ಮನೆ ಕಟ್ಟಿಕೊಂಡಿದ್ದಾರೆ. ಕಮಾರಿ, ಪೆರಿಸ್ಸಾ ಎಂಬ ಸಣ್ಣ ಸಣ್ಣ ಕಡಲೂರುಗಳು. ದ್ವೀಪದಲ್ಲಿ ಕಾಯಂ ಇರುವವರು 15 ಸಾವಿರದಷ್ಟು; ವರ್ಷಕ್ಕೆ ನೋಡಲು ಬರುವವರು 30 ಲಕ್ಷದ ಮೇಲೆ. ಮಾರ್ಕೆಟ್ ಯಾರ್ಡಿನ ಎದುರಿನ ಹೋಟೆಲಿನಲ್ಲಿ ಉಗ್ಗಾಣಿ-ಬಜ್ಜಿ ತಿನ್ನುತ್ತಾ ವ್ಯಾಪಾರಿ ಮೊಬೈಲಿನ ಫೋಟೋ ಒಂದೊಂದಾಗಿ ಸರಿಸಿ ತೋರಿಸಿದರು.

"ಮರಳು ನೋಡು ಅಣ್ಣಾ, ಪೂರಾ ಕಪ್ಪು! ಮಧ್ಯಾಹ್ನ ಕಾಲಿಟ್ಟರ ಬೊಬ್ಬಿ ಬರ್ತೈತಿ. ಅದಕ್ಕ ಅಲ್ಲಿ ಕುರ್ಚಿಗೂ ಛತ್ರಿಗೂ ಬಾಡಿಗಿ."

ಪಕ್ಕದ ಬೆಂಚಿನಲ್ಲಿ ಕೂತಿದ್ದ ಕೌತಾಳಂ ಕಡೆಯ ತಾತ ಬಗ್ಗಿ ಫೋಟೋ ನೋಡಿದ. "ನಮ್ಮ ಎರಿ ಹೊಲದಾಗ ಮೇ ತಿಂಗಳು ನಿಂತು ನೋಡಪ್ಪಾ. ಅಷ್ಟ ಕಪ್ಪು, ಅಷ್ಟ ಬೊಬ್ಬಿ. ಬಾಡಿಗಿ ಇಲ್ಲ."

"ಅಲ್ಲಿ ಮಳಿನೇ ಇಲ್ಲ ತಾತ. ಕುಡಿಯೋ ನೀರಿಗೂ ತ್ರಾಸ. ಸಮುದ್ರದ ನೀರಿನ ಉಪ್ಪು ತಗದು ಕುಡೀತಾರ."

"ಹಂಗಾದರ ನಮ್ಮೂರಂಗ ಐತಿ ಬಿಡು. ಇಷ್ಟಕ್ಕ ವಿಮಾನದಾಗ ಹೋಗಿದ್ದ್ಯಾ?"

ವ್ಯಾಪಾರಿ ಬಜ್ಜಿ ಬಿಟ್ಟು ಎದ್ದುಹೋದರು. ತಾತನ ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲಿ ಕೂತಿತು. ಕಪ್ಪು ನೆಲ, ಸುಡುವ ಬಿಸಿಲು, ಬಾರದ ಮಳೆ, ಕುಡಿಯುವ ನೀರಿನ ಪರದಾಟ ಇವಿಷ್ಟೂ ಇದ್ದರೆ ಅಲ್ಲಿ ಅದಕ್ಕೆ ಪ್ರವಾಸಿ ತಾಣ ಎನ್ನುತ್ತಾರೆ, ಇಲ್ಲಿ ಬರಪೀಡಿತ ಮಂಡಲ ಎನ್ನುತ್ತಾರೆ. ಹಾಗಿದ್ದರೆ ನಮಗೆ ಬೇಕಾಗಿರುವುದು ಬರ ಪರಿಹಾರವಲ್ಲ, ಒಂದು ಬ್ರೋಷರ್. ಪ್ರವಾಸೋದ್ಯಮ ಇಲಾಖೆಗೆ ಮನವಿ ಸಲ್ಲಿಸೋಣ ಎಂದು ನಿರ್ಧರಿಸಿದೆವು: ನಮ್ಮ ಆದೋನಿ ಸೀಮೆ ಇರುವ ಪಶ್ಚಿಮ ಕರ್ನೂಲನ್ನು ಜ್ವಾಲಾಮುಖಿ ದ್ವೀಪದ ಕಡಲತೀರದ ರಜಾ ಗ್ರಾಮವೆಂದು ಘೋಷಿಸತಕ್ಕದ್ದು.

ನಗಬೇಡಿ. ಮೊದಲು ಜ್ವಾಲಾಮುಖಿಯ ದಾಖಲೆ ನೋಡಿ.

ಆದೋನಿಯಿಂದ ದಕ್ಷಿಣ-ಪೂರ್ವಕ್ಕೆ, ತುಗ್ಗಲಿ ಮಂಡಲದಲ್ಲಿ ಜೊನ್ನಗಿರಿ ಇದೆ. ಅಲ್ಲಿನ ಹಸಿರು ಬಣ್ಣದ ಹಳೆಯ ಬಂಡೆಗಳ ಪಟ್ಟಿ ಲಾವಾದಿಂದ ಆದದ್ದು. ವಯಸ್ಸು 250 ಕೋಟಿ ವರ್ಷಗಳ ಆಸುಪಾಸು. ಆ ಕಾಲದ ಸಮುದ್ರದಲ್ಲಿ ಎದ್ದ ಜ್ವಾಲಾಮುಖಿ ದ್ವೀಪಗಳ ಸಾಲಿನಲ್ಲಿ ಈ ಬಂಡೆಗಳು ಹುಟ್ಟಿದವು ಎಂದು ಅವುಗಳ ರಾಸಾಯನಿಕ ಗುಣ ನೋಡಿ ಭೂವಿಜ್ಞಾನಿಗಳು ವಾದಿಸುತ್ತಾರೆ. ಅಂದರೆ ಸಮುದ್ರ, ದ್ವೀಪ, ಜ್ವಾಲಾಮುಖಿ ಮೂರೂ ಒಂದೇ ಸರ್ವೆ ನಂಬರಿನಲ್ಲಿ! ಉಡುಪಿಯವರು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ತೋರಿಸಿ ದೋಣಿಗೆ ಟಿಕೆಟ್ ಹರಿಯುತ್ತಾರೆ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಲಾವಾ ಅದು, ಬರೀ ಎಂಟೂಮುಕ್ಕಾಲು ಕೋಟಿ ವರ್ಷದ್ದು. ನಮ್ಮ ಜೊನ್ನಗಿರಿಯ ಮುಂದೆ ಅದಿನ್ನೂ ತೊಟ್ಟಿಲಲ್ಲಿದೆ. ಅಲ್ಲಿ ಊರಿಲ್ಲ, ಸಂಜೆಯಾದರೆ ಎಲ್ಲರೂ ದೋಣಿ ಹತ್ತಿ ವಾಪಸು ಬರಬೇಕು. ನಮ್ಮ ದ್ವೀಪದಲ್ಲಿ ಊರಿದೆ, ಹೊಲವಿದೆ, ಬಸ್ಸೂ ಬರುತ್ತದೆ. ಸಮುದ್ರ ಮಾತ್ರ ಸ್ವಲ್ಪ ಹಿಂದೆ ಸರಿದಿದೆ.

ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಇನ್ನೊಂದು ಬಗೆಯ ಜ್ವಾಲಾಮುಖಿ. ಸುಮಾರು 110 ಕೋಟಿ ವರ್ಷದ ಹಿಂದೆ ನೂರೈವತ್ತು ಕಿಲೋಮೀಟರಿಗೂ ಆಳದಿಂದ ಶಿಲಾರಸ ಕೊಳವೆ ಕೊರೆದುಕೊಂಡು ಮೇಲೆ ಬಂತು. ಬರುವಾಗ ವಜ್ರಗಳನ್ನು ಹೊತ್ತು ತಂದಿತು. ಅದರ ಫಲವಾಗಿ ತುಗ್ಗಲಿ, ಜೊನ್ನಗಿರಿ, ಪಗಿಡಿರಾಯಿ, ಮದ್ದಿಕೆರ ಸುತ್ತಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ತೊಳೆದ ಮರುದಿನವೇ ಸೀಸನ್ ಶುರು. ಬಳ್ಳಾರಿ, ರಾಯಚೂರು, ಅನಂತಪುರ, ಇನ್ನೂ ದೂರದ ಊರಿನಿಂದ ಜನ ಬರುತ್ತಾರೆ. ಗುಡಿಯ ಕಟ್ಟೆ, ಶಾಲೆಯ ವರಾಂಡ, ಮರದ ಬುಡ, ಟಾರ್ಪಾಲಿನ ಕೆಳಗೆ ಠಿಕಾಣಿ. ಬೆಳಗಾದರೆ ಗಂಡ, ಹೆಂಡತಿ, ಮಕ್ಕಳು ಸೊಂಟ ಬಗ್ಗಿಸಿ ಹೊಲದಲ್ಲಿ ಕಣ್ಣು ನೆಟ್ಟು ನಡೆಯುತ್ತಾರೆ. ಸ್ಯಾಂಟೊರಿನಿಗೆ ಹೋದವರು ನಿಂತು ಸೂರ್ಯಾಸ್ತ ನೋಡುತ್ತಾರೆ. ನಮ್ಮಲ್ಲಿಗೆ ಬಂದವರು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ನೆಲ ನೋಡುತ್ತಾರೆ. ಹೊಳೆಯುವುದು ಸಿಕ್ಕರೆ ವ್ಯಾಪಾರಿಗಳು ಗುಟ್ಟಾಗಿ ಟೆಂಡರು ಕರೆಯುತ್ತಾರೆ. ಸಿಕ್ಕವನಿಗೆ ಒಂದಷ್ಟು ನಗದು, ಒಂದಷ್ಟು ತೊಲ ಬಂಗಾರ. ಅದರ ನಿಜವಾದ ಬೆಲೆ ಎಷ್ಟೆಂಬುದು ಕೊಂಡವನಿಗೂ ದೇವರಿಗೂ ಗೊತ್ತು. ದೇವರು ಬಾಯಿ ಬಿಡುವುದಿಲ್ಲ. ಹೊಲದ ಯಜಮಾನ ಮಾತ್ರ ಬಿತ್ತಿದ ಶೇಂಗಾ ತುಳಿತಕ್ಕೆ ಸಿಕ್ಕಿತೆಂದು ಬೊಬ್ಬೆ ಹಾಕಿ, 'ವಜ್ರ ಹುಡುಕುವವರಿಗೆ ಪ್ರವೇಶವಿಲ್ಲ' ಎಂದು ಬೋರ್ಡು ನೆಡುತ್ತಾನೆ. ಪ್ರವಾಸಿಗಳು ಅತಿಯಾದರೆಂದು ಯುರೋಪಿನವರು ಬೀದಿಗಿಳಿದು ಕೂಗುತ್ತಿರುವುದು ಈಚೆಗೆ. ತುಗ್ಗಲಿಯ ರೈತ ಅದನ್ನು ಎಂದೋ ಅನುಭವಿಸಿಯಾಗಿದೆ.

ಇಲ್ಲೇ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನವಿದೆ. ಸಾಮ್ರಾಟ ಯಾವ ಕಾರಣಕ್ಕೆ ಇಲ್ಲಿ ಕೊರೆಸಿದನೋ, ಈ ನೆಲದ ಬಂಗಾರದ ವಾಸನೆ ಆಗಲೇ ಪಾಟಲಿಪುತ್ರಕ್ಕೆ ಮುಟ್ಟಿತ್ತೇನೋ. ಜೊನ್ನಗಿರಿಯೇ ಅವನ ದಕ್ಷಿಣದ ರಾಜಧಾನಿ ಸುವರ್ಣಗಿರಿ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಕಿರುಶಾಸನದ ಕೆಲವು ಸಾಲುಗಳನ್ನು ಬರೆದವನು ಒಂದನ್ನು ಎಡದಿಂದ ಬಲಕ್ಕೆ, ಮುಂದಿನದನ್ನು ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಹೋದದ್ದೇ ದಾರಿಯಲ್ಲಿ ತಿರುಗಿ ಬರುವ ಈ ಕಡತದ ಶೈಲಿ ನಮ್ಮ ಕಚೇರಿಗಳಲ್ಲಿ ಇಂದಿಗೂ ಉಳಿದಿದೆ. ದಾರಿಯಲ್ಲಿ ಹೋಗುವ ಜನಕ್ಕೆ, ದನಕ್ಕೆ ಬಾವಿ ತೋಡಿಸಬೇಕು, ಮರ ನೆಡಿಸಬೇಕು ಎಂಬುದು ಹೆಬ್ಬಂಡೆ ಶಾಸನದ ಒಂದು ಅಂಶ. ಹೊರಡಿಸಿದ್ದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ. ಪತ್ತಿಕೊಂಡದಿಂದ ಆಲೂರಿನವರೆಗೆ ಏಪ್ರಿಲ್ ತಿಂಗಳಲ್ಲಿ ಒಮ್ಮೆ ನಡೆದುಹೋದರೆ ಆ ಆದೇಶ ಎಲ್ಲಿಯವರೆಗೆ ಜಾರಿಯಾಗಿದೆ ಎಂದು ಗೊತ್ತಾಗುತ್ತದೆ.

ಇನ್ನು ಕಡಲು. ಕಡಲು ಇಲ್ಲ ಎನ್ನುವವರು ತಮ್ಮ ಮನೆಯ ನೆಲ ನೋಡಿಕೊಳ್ಳಲಿ. ಸೀಮೆಯ ಅರ್ಧ ಮನೆಗಳಿಗೆ ಹಾಸಿರುವ ಕಡಪ ಕಲ್ಲು, ಬೇತಂಚೆರ್ಲದ ಬಂಡೆ ಎಲ್ಲವೂ ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ನಾವು ಉಣ್ಣುವುದು, ಮಲಗುವುದು, ಜಗಳಾಡುವುದು ಎಲ್ಲ ಸಮುದ್ರದ ಅಡಿಯಲ್ಲೇ.

ನೀರಿರುವ ಸಮುದ್ರವೇ ಬೇಕೆಂದರೆ ತುಂಗಭದ್ರೆ ಇದೆ. 2009ರ ಅಕ್ಟೋಬರ್ ಮೊದಲ ವಾರ ಅದು ಮಂತ್ರಾಲಯಕ್ಕೆ ದ್ವೀಪದ ದರ್ಜೆಯನ್ನು ಯಾವ ಅರ್ಜಿಯೂ ಇಲ್ಲದೆ ಕೊಟ್ಟುಹೋಯಿತು. ಮಠ ಮುಳುಗಿತು, ಭಕ್ತರು ಮಾಳಿಗೆ ಹತ್ತಿದರು, ಮೇಲಿಂದ ಹೆಲಿಕಾಪ್ಟರ್ ಬಂತು. 1671ರಲ್ಲಿ ರಾಯರು ವೃಂದಾವನ ಪ್ರವೇಶಿಸಿದ ಮಂಚಾಲೆ ಅಂದು ಕಡಲತೀರದ ಊರಾಗಿತ್ತು, ಬೇಡ ಬೇಡವೆಂದರೂ. ಉಳಿದ ವರ್ಷಗಳಲ್ಲಿ, ಬೇಸಿಗೆಯಲ್ಲಿ, ಅದೇ ನದಿಯಲ್ಲಿ ಭಕ್ತರು ಬಂಡೆಯಿಂದ ಬಂಡೆಗೆ ಹಾರಿ, ನಡುವಿನ ಗುಂಡಿಯ ನೀರನ್ನು ಚೊಂಬಿನಲ್ಲಿ ತಲೆಗೆ ಹಾಕಿಕೊಳ್ಳುತ್ತಾರೆ. ನದಿ ಬತ್ತಿದರೂ ಪುಣ್ಯ ಬತ್ತುವುದಿಲ್ಲ ಎಂಬ ನಂಬಿಕೆ ದೊಡ್ಡದು.

ಹೊಸಪೇಟೆಯ ಡ್ಯಾಮಿನಿಂದ ಕೆಳಮಟ್ಟದ ಕಾಲುವೆಯಲ್ಲಿ ನಮಗೂ ನೀರಿನ ಪಾಲು ಉಂಟು. ಆದರೆ ನಾವು ಕಾಲುವೆಯ ಬಾಲದಲ್ಲಿರುವವರು. ಬಾಲಕ್ಕೆ ನೀರು ಮುಟ್ಟುವ ಹೊತ್ತಿಗೆ ಅದು ನೀರಾಗಿ ಉಳಿದಿರುವುದಿಲ್ಲ, ನಿವೇದನೆ ಪತ್ರವಾಗಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಕಾಲುವೆಯಲ್ಲಿ ಅಳೆದು ಸುರಿದು ಬಿಡುವ ನೀರು ಅಂದು ಅಳತೆ ಮರೆತು ನದಿಗೆ ಬಂತು. ಒಂದು ಸಮುದ್ರವೇ ಮಂತ್ರಾಲಯದ ಎದುರು ಹಾದು, ಸುಂಕೇಸುಲ ದಾಟಿ, ಶ್ರೀಶೈಲದ ಕಡೆಗೆ ಹೋಯಿತು. ದಡದಲ್ಲಿ ನಿಂತು ಕೈಮುಗಿದೆವು, ಅರಿಶಿಣ ಕುಂಕುಮ ಬಿಟ್ಟೆವು. ಹೋಗುವ ನೀರಿಗೆ ಇಷ್ಟು ಮರ್ಯಾದೆ ಮಾಡುವ ಜನ ಬೇರೆಲ್ಲೂ ಇಲ್ಲ.

ಸಾಹಸ ಕ್ರೀಡೆಗೆ ಹೊಳಗುಂದ ಮಂಡಲದ ದೇವರಗಟ್ಟು ಇದೆ. ದಸರೆಯ ರಾತ್ರಿ ಮಾಳಮ್ಮ ಮಲ್ಲೇಶ್ವರರ ಉತ್ಸವಮೂರ್ತಿಗಾಗಿ ಊರೂರಿನವರು ಕಬ್ಬಿಣದ ಕಟ್ಟಿನ ಬಡಿಗೆ ಹಿಡಿದು ಸೇರುತ್ತಾರೆ. ಪೊಲೀಸರು ಕ್ಯಾಮೆರಾ ಹಾಕುತ್ತಾರೆ, ವೈದ್ಯರು ಹೊಲಿಗೆ ದಾರ ಸಿದ್ಧ ಇಟ್ಟುಕೊಳ್ಳುತ್ತಾರೆ, ಬೆಳಗ್ಗೆ ಟೀವಿಯವರು ತಲೆ ಒಡೆದವರ ಲೆಕ್ಕ ಕೊಡುತ್ತಾರೆ. ಅಷ್ಟು ಸಾಕು, ಬ್ರೋಷರಿನಲ್ಲಿ ಈ ಪುಟಕ್ಕೆ ಫೋಟೋ ಹಾಕುವುದು ಬೇಡ.

ಉಳಿದದ್ದು ರಜಾ ಗ್ರಾಮ. ಇದರಲ್ಲಿ ನಮ್ಮನ್ನು ಸೋಲಿಸುವವರು ಯಾರೂ ಇಲ್ಲ.

ಸ್ಯಾಂಟೊರಿನಿಯ ಹಳ್ಳಿಗಳು ಚಳಿಗಾಲ ಬಂತೆಂದರೆ ಬಾಗಿಲು ಹಾಕುತ್ತವಂತೆ. ಹೋಟೆಲು ಬಂದ್, ಅಂಗಡಿ ಬಂದ್, ಕೆಲಸದವರು ಊರಿಗೆ. ಕೋಸಿಗಿಗೆ, ಪೆದ್ದಕಡುಬೂರಿಗೆ, ಕೌತಾಳಂ ಕಡೆಯ ಹಳ್ಳಿಗಳಿಗೆ ಅದೇ ದಿನಗಳಲ್ಲಿ ಬಂದು ನೋಡಿ. ದೀಪಾವಳಿ ಮುಗಿಯುತ್ತಿದ್ದಂತೆ ಓಣಿಗೆ ಓಣಿಯೇ ಬೀಗ. ಬಾಗಿಲಿಗೆ ಅಡ್ಡ ಜಾಲಿ ಕಂಟಿ, ಕಟ್ಟೆಯ ಮೇಲೆ ಕಣ್ಣು ಕಾಣದ ಒಬ್ಬ ಅವ್ವ, ಅವಳ ಕಾವಲಿಗೆ ಒಂದು ನಾಯಿ. "ಎಲ್ಲಿಗೆ ಹೋಗ್ಯಾರವ್ವ ಎಲ್ಲಾರು?" ಎಂದರೆ "ಸುಗ್ಗಿಗೆ ಹೋಗ್ಯಾರಪ್ಪ, ಗುಂಟೂರು ಕಡೀಗೆ" ಎನ್ನುತ್ತಾಳೆ. ಕೆಲವರು ಹತ್ತಿ ಬಿಡಿಸಲು, ಹೆಚ್ಚಿನವರು ಮೆಣಸಿನಕಾಯಿ ಕೀಳಲು. ಮತ್ತೆ ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು. ರಾಯಚೂರು ಕಡೆಯವರು ಗುಳೆ ಹೊರಡುವಂತೆಯೇ. ಮಳೆ ಕೈಕೊಟ್ಟ ವರ್ಷ ಹೆಚ್ಚು, ಮಳೆ ಬಂದ ವರ್ಷ ಸ್ವಲ್ಪ ಕಡಿಮೆ. ಹೋಗದ ವರ್ಷವಿಲ್ಲ.

ನಮ್ಮವರು ಹೊರಡುವ ರೀತಿಯನ್ನು ನೋಡಿ ಯಾವ ಟೂರ್ ಕಂಪನಿಯೂ ನಾಚಬೇಕು. ಮೇಸ್ತ್ರಿಯೇ ಗೈಡು. ಪ್ರವಾಸಿಗಳು ಅವನಿಗೆ ಹಣ ಕಟ್ಟುವುದಿಲ್ಲ, ಅವನೇ ಪ್ರವಾಸಿಗಳಿಗೆ ಮುಂಗಡ ಕೊಡುತ್ತಾನೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸೌಲಭ್ಯ. ಮುಂಗಡ ಹಳೆಯ ಸಾಲಕ್ಕೋ ಮಗಳ ಮದುವೆಗೋ ಆಗಲೇ ಖರ್ಚಾಗಿರುವುದರಿಂದ ಟೂರ್ ರದ್ದು ಮಾಡುವ ಪ್ರಶ್ನೆಯೂ ಇಲ್ಲ. ಲಾರಿಯಲ್ಲಿ ಜೋಳದ ಚೀಲ, ಪಾತ್ರೆ, ಕೌದಿ, ಕೋಳಿ, ಅವುಗಳ ಮೇಲೆ ಮಕ್ಕಳು, ಮಕ್ಕಳ ಮೇಲೆ ನಕ್ಷತ್ರ. ತಂಗಲು ಮೆಣಸಿನ ತೋಟದ ಅಂಚಿನಲ್ಲೇ ಟಾರ್ಪಾಲಿನ ಗುಡಾರ. ಪಟ್ಟಣದವರು ಇದಕ್ಕೆ ಕ್ಯಾಂಪಿಂಗ್ ಎಂದು ಹೆಸರಿಟ್ಟು ರಾತ್ರಿಗೆ ಸಾವಿರಗಟ್ಟಲೆ ತೆರುತ್ತಾರೆ. ನಮ್ಮವರು ತಿಂಗಳುಗಟ್ಟಲೆ ಉಚಿತವಾಗಿ ಇರುತ್ತಾರೆ. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಸುರಿಯುವುದರಿಂದ ಊರು ನೆನೆದು ಅತ್ತರೂ ಯಾರಿಗೂ ಗೊತ್ತಾಗುವುದಿಲ್ಲ. ಅದೂ ಒಂದು ಅನುಕೂಲ.

ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಇದರಿಂದ ಕಷ್ಟ. ಮಕ್ಕಳು ಹೊಲದಲ್ಲಿ, ಹೆಸರು ಪುಸ್ತಕದಲ್ಲಿ. ಉಳಿಯುವ ಮಕ್ಕಳಿಗೆಂದು ಸರ್ಕಾರ ಸೀಸನಲ್ ಹಾಸ್ಟೆಲ್ ಎಂಬುದನ್ನು ಮಾಡಿದೆ. ಸೀಸನ್ ಎಂಬುದು ಊಟಿಗೆ ಇದೆ, ಕೊಡೈಕೆನಾಲಿಗೆ ಇದೆ, ಕೋಸಿಗಿಗೂ ಇದೆ. ಹಾಗೆಂದು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಿರುವಾಗ ರಜಾ ಗ್ರಾಮದ ಪಟ್ಟ ಕೊಡಲು ಏನು ಅಡ್ಡಿ? ಪ್ರವಾಸೋದ್ಯಮ ಇಲಾಖೆ ಬರುವವರ ತಲೆ ಎಣಿಸುತ್ತದೆ. ಮಂತ್ರಾಲಯಕ್ಕೆ ಎಷ್ಟು ಬಂದರು, ಶ್ರಾವಣದಲ್ಲಿ ಉರುಕುಂದ ಈರಣ್ಣನಿಗೆ ಕರ್ನಾಟಕದಿಂದ ಎಷ್ಟು ಬಂದರು, ಎಲ್ಲಕ್ಕೂ ವರದಿಯುಂಟು. ಉರುಕುಂದದ ಜಾತ್ರೆಗೆ ಬಂದ ಒಬ್ಬ ಭಕ್ತ ಅಂಕಿಯಾಗುತ್ತಾನೆ. ಅದೇ ಮಂಡಲದಿಂದ ಹೊರಟ ಲಾರಿ ಯಾವ ಪುಸ್ತಕದಲ್ಲೂ ಏರುವುದಿಲ್ಲ. ಏರಿದ್ದರೆ ನಮ್ಮ ಪಶ್ಚಿಮ ಕರ್ನೂಲು ದೇಶದಲ್ಲೇ ಅತಿ ಹೆಚ್ಚು ಪ್ರವಾಸ ಮಾಡುವ ಜನರ ಸೀಮೆ ಎಂದು ಪ್ರಶಸ್ತಿ ಪಡೆಯುತ್ತಿತ್ತು.

2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿಯಲ್ಲಿ ಸಾಲುಸಾಲಾಗಿ ನೆಲ ನಡುಗಿತು. ಕೆಲವೇ ದಿನಗಳಲ್ಲಿ 10 ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಹೆಚ್ಚುವರಿ ಹಡಗು, ಹೆಚ್ಚುವರಿ ವಿಮಾನ, ಶಾಲೆಗೆ ರಜೆ, ತುರ್ತು ಪರಿಸ್ಥಿತಿಯ ಘೋಷಣೆ. ಜಗತ್ತಿನ ಟೀವಿಗಳೆಲ್ಲ ಅಲ್ಲಿ. ನಮ್ಮಲ್ಲಿ ನೆಲ ನಡುಗುವುದಿಲ್ಲ. ಗಟ್ಟಿ ಕಣಶಿಲೆಯ ಸೀಮೆ, ಅಲುಗುವ ಜಾತಿಯದಲ್ಲ. ಅದಕ್ಕೇ ಪ್ರತಿ ವರ್ಷ ಹಳ್ಳಿಗಟ್ಟಲೆ ಜನ ಹೊರಟರೂ ಯಾವ ಯಂತ್ರದ ಮುಳ್ಳೂ ಅಲ್ಲಾಡುವುದಿಲ್ಲ.

ಸ್ಯಾಂಟೊರಿನಿಯವರ ಇನ್ನೊಂದು ನಡುಕದ ಕಥೆ ನಮಗೆ ಹೆಚ್ಚು ಹತ್ತಿರದ್ದು. 1956ರ ಜುಲೈಯಲ್ಲಿ ದೊಡ್ಡ ಭೂಕಂಪವಾಗಿ ಮನೆಗಳು ಬಿದ್ದವು, ಎಷ್ಟೋ ಜನ ಊರು ಬಿಟ್ಟು ಹೋದರು. ಅದೇ ವರ್ಷದ ನವೆಂಬರಿನಲ್ಲಿ ಕರ್ನೂಲು ಕೂಡ ಅಲುಗಿತು: ಮೂರು ವರ್ಷ ಆಂಧ್ರ ರಾಜ್ಯದ ರಾಜಧಾನಿಯಾಗಿದ್ದ ಊರಿನಿಂದ ಕಡತ, ಕುರ್ಚಿ, ಗುಮಾಸ್ತರು ಎಲ್ಲ ಹೈದರಾಬಾದಿಗೆ ಹೊರಟರು. ಗ್ರೀಕರು ಆಮೇಲೆ ಪಾಳು ಗುಹೆಮನೆಗಳಿಗೆ ಸುಣ್ಣ ಬಳಿದು ಬಾಡಿಗೆಗೆ ಕೊಟ್ಟು ಬದುಕಿಕೊಂಡರು. ನಾವು ಇನ್ನೂ ರಾಜಧಾನಿಯನ್ನೇ ಕಾಯುತ್ತಿದ್ದೇವೆ. ನಡುವೆ ಮೂರು ರಾಜಧಾನಿಯ ಮಾತು ಎದ್ದಾಗ ಕರ್ನೂಲಿಗೆ ನ್ಯಾಯ ರಾಜಧಾನಿ ಎಂದರು. ನ್ಯಾಯವೂ ಬರಲಿಲ್ಲ, ರಾಜಧಾನಿಯೂ ಬರಲಿಲ್ಲ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಒಡೆದಾಗ ನಂದ್ಯಾಲ ಜಿಲ್ಲೆಯಾಯಿತು. ಆದೋನಿಯವರು ನಮಗೂ ಒಂದು ಜಿಲ್ಲೆ ಎಂದು ಕೂಗುತ್ತಲೇ ಉಳಿದರು. ಜಿಲ್ಲೆ ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ಅದಕ್ಕೇ ನಾವೀಗ ದ್ವೀಪ ಕೇಳುತ್ತಿರುವುದು. ದ್ವೀಪಕ್ಕೆ ಕಲೆಕ್ಟರ್ ಬಂಗಲೆ ಬೇಡ.

ಟೊಮ್ಯಾಟೋ ವಿಷಯವನ್ನು ಬಿಡುವಂತಿಲ್ಲ. ಸ್ಯಾಂಟೊರಿನಿಯಲ್ಲಿ ನೀರು ಕಟ್ಟದೆ ಬೆಳೆಯುವ ಗೋಲಿಯಷ್ಟು ಟೊಮ್ಯಾಟೋಗೆ ಯುರೋಪಿನ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿದೆ. ಹಳೆಯ ಟೊಮ್ಯಾಟೋ ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿ ಟಿಕೆಟ್ ಇಟ್ಟಿದ್ದಾರೆ. ನಮ್ಮ ಪತ್ತಿಕೊಂಡದ ಮಾರುಕಟ್ಟೆಗೆ ಟೊಮ್ಯಾಟೋ ಬೆಟ್ಟ ಬಂದು ಬೀಳುತ್ತದೆ. ರೇಟು ಕಿಲೋಗೆ ಒಂದು ರೂಪಾಯಿಗೆ ಇಳಿದ ದಿನ ರೈತರು ಗಾಡಿಗಟ್ಟಲೆ ತಂದದ್ದನ್ನು ರಸ್ತೆಗೆ ಸುರಿದು ಹೋಗುತ್ತಾರೆ. ಸಂಸ್ಕರಣಾ ಘಟಕ ಬರುತ್ತದೆ ಎಂದು ಕೇಳುತ್ತಲೇ ಎಷ್ಟೋ ಟೊಮ್ಯಾಟೋ ತಲೆಮಾರು ಕೊಳೆತುಹೋದವು. ಬ್ರೋಷರಿನಲ್ಲಿ ಒಂದು ಸಾಲು: ಕಿಲೋಮೀಟರುಗಟ್ಟಲೆ ಕೆಂಪು ಹಾಸಿನ ಸ್ವಾಗತ, ವರ್ಷಕ್ಕೆ ಒಂದೆರಡು ಸಲ, ದಿನಾಂಕ ಮಾರುಕಟ್ಟೆಯ ದಯೆ.

ಇಷ್ಟೂ ಬರೆದು ಮೂರು ಪ್ರತಿ ತೆಗೆದೆವು. ತೆಲುಗಿನಲ್ಲಿ ಒಂದು, ಇಲಾಖೆಗೆ. ಇಂಗ್ಲಿಷಿನಲ್ಲಿ ಒಂದು, ಇಲಾಖೆಯವರು ಓದಲಿ ಎಂದು. ಕನ್ನಡದಲ್ಲಿ ಒಂದು, ನಮ್ಮ ಸಮಾಧಾನಕ್ಕೆ. ದ್ವೀಪ ಘೋಷಣೆಯಾದರೆ ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬುದು ಆಗಲೇ ತೀರ್ಮಾನವಾಗಿದೆ: ದೊಡ್ಡ ಮಂತ್ರಿಗಳು. ಶಾಮಿಯಾನ, ಹಾರ, ಎಲ್.ಇ.ಡಿ. ಪರದೆಯ ಮೇಲೆ ಉಕ್ಕುವ ಅಲೆಗಳು. ಒಂದೇ ಒಂದು ತೊಡಕು ಎದುರಾಯಿತು. ಮಂತ್ರಿಗಳ ಬಿಡುವು ಇರುವುದು ಜನವರಿ, ಫೆಬ್ರವರಿಯಲ್ಲಿ. ಆ ತಿಂಗಳಲ್ಲಿ ಚಪ್ಪಾಳೆ ತಟ್ಟಲು ಊರಲ್ಲಿ ಯಾರಿರುತ್ತಾರೆ? ಕಟ್ಟೆಯ ಮೇಲಿನ ಅವ್ವನೊಬ್ಬಳು, ಅವಳ ನಾಯಿ.

ಜನ ಕರೆಸುವ ವ್ಯವಸ್ಥೆ ಗೊತ್ತಿರುವವನನ್ನೇ ಕೇಳೋಣವೆಂದು ಗುಂಟೂರಿನಲ್ಲಿದ್ದ ಮೇಸ್ತ್ರಿಯೊಬ್ಬನಿಗೆ ಫೋನ್ ಮಾಡಿದೆವು. ಆಚೆ ಕಡೆ ಮೆಣಸಿನಕಾಯಿ ಘಾಟಿಗೆ ಯಾರೋ ಸೀನುವುದು ಕೇಳುತ್ತಿತ್ತು. ದ್ವೀಪದ ವಿಚಾರವನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡ. ಸಮುದ್ರ ಎಲ್ಲಿಂದ ತರುತ್ತೀರಿ ಎಂದು ಕೇಳಲಿಲ್ಲ. ಅವನು ಕೇಳಿದ್ದು ಇಷ್ಟೇ:

"ಆಗ್ಲಿ ಸಾರ್, ಎಷ್ಟು ತಲಿ ಬೇಕು ಹೇಳ್ರಿ, ಕಳಿಸ್ತೀನಿ. ಓಟಿನ ಟೈಮಿಗೆ ಪಾರ್ಟಿಯವ್ರು ಬಸ್ಸು ಕಳಿಸಿ, ಹೋಗಿಬರೋ ಖರ್ಚು ಹಾಕಿ, ಬಿರಿಯಾನಿ ಕೊಟ್ಟು ಕರಕೊಂಡು ಹೋಗ್ತಾರ. ಎರಡು ದಿನದ ಕೂಲಿ ಬ್ಯಾರೆ. ನಿಮ್ಮ ದ್ವೀಪಕ್ಕ ಏನು ರೇಟು ಹಚ್ಚೀರಿ?"